ಎದುರುಮನೆಯಲ್ಲಿದ್ದ ಹಸಿರು ಮಣಿ

ಗಮಕ ವಾಚನದಲ್ಲಿ ಯುದ್ಧ ಶುರುವಾಗುವ ಮುಂಚೆ ಸೇನೆಯ ಎಣಿಕೆ ಬರುತ್ತದಲ್ಲ, ಆನೆ ಇಷ್ಟು, ಕುದುರೆ ಇಷ್ಟು, ರಥ ಇಷ್ಟು ಎಂದು, ಆ ಹೊತ್ತಿಗೆ ಸಭೆಯಲ್ಲಿ ಅರ್ಧ ಜನ ತೂಕಡಿಸುತ್ತಿರುತ್ತಾರೆ. ಬಸವನಗುಡಿಯ ಶೀನಣ್ಣ ಮಾತ್ರ ಆಗಲೇ ಬೆನ್ನು ನೆಟ್ಟಗೆ ಮಾಡಿ ಕೂರುವವನು. ಯಾರು ಗೆದ್ದರು, ಯಾರು ಬಿದ್ದರು ಎನ್ನುವುದೆಲ್ಲ ಭಗವಂತನ ಸಂಕಲ್ಪ. ಲೆಕ್ಕವನ್ನು ಮಾತ್ರ ಆತ ಮನುಷ್ಯನ ಕೈಗೆ ಬಿಟ್ಟಿದ್ದಾನೆ ಎಂಬುದು ಅವನ ಸಿದ್ಧಾಂತ. ಒಂದು ಸಂಜೆ ಮಂಗಳಾರತಿಯ ಹೊತ್ತಿನಲ್ಲಿ ಗಮಕಿಗಳ ಕಿವಿಯ ಹತ್ತಿರ ಬಗ್ಗಿ, "ಸ್ವಾಮಿ, ಬೆಳಿಗ್ಗೆ ಹೊರಟ ರಥಕ್ಕೂ ಸಂಜೆ ಮುರಿದ ರಥಕ್ಕೂ ತಾಳೆ ಆಗ್ತಿಲ್ವಲ್ಲ" ಎಂದು ಕೇಳಿದಾಗ, ಆ ಸಾಧು ಮನುಷ್ಯ ಗಲಿಬಿಲಿಗೊಂಡು ಒಬ್ಬರಿಗೇ ಎರಡು ಸಲ ತೀರ್ಥ ಕೊಟ್ಟುಬಿಟ್ಟಿದ್ದರು.

ಇದರಲ್ಲಿ ಶೀನಣ್ಣನ ತಪ್ಪೇನೂ ಇಲ್ಲ. ಒಂದು ದೊಡ್ಡ ಸರ್ಕಾರಿ ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ನಟ್ಟು, ಬೋಲ್ಟು, ವಾಷರುಗಳ ನಡುವೆ ಆಯುಷ್ಯ ಸವೆಸಿದವನು ಅವನು. ಅಲ್ಲಿ ವರ್ಷಕ್ಕೊಮ್ಮೆ ಸ್ಟಾಕ್ ಎಣಿಸುವ ಪರ್ವಕಾಲ. ಅದಕ್ಕೆ ಮೊದಲು ಕಾರ್ಖಾನೆಯ ಯಾವ ಮೂಲೆಗೆ ಹೋಗಿದ್ದ ಸ್ಪ್ಯಾನರ್ ಆದರೂ ಸ್ಟೋರ್ಸಿಗೆ ವಾಪಸು ಬಂದು ತನ್ನ ಮೊಳೆಗೆ ತಾನು ನೇತುಹಾಕಿಕೊಳ್ಳಬೇಕು. ಹೊರಗಿದ್ದದ್ದು ಇಲ್ಲದ್ದಕ್ಕೆ ಸಮ. ಇದು ಅಲ್ಲಿನ ವೇದವಾಕ್ಯ.

ಕಾರ್ಖಾನೆಯವರು ಸ್ವಯಂ ನಿವೃತ್ತಿ ಎಂಬ ಗೌರವದ ಹೆಸರಿನಲ್ಲಿ ಅವನನ್ನು ಮನೆಗೆ ಕಳಿಸಿದ್ದು ಎರಡು ಸಾವಿರದ ಮೂರನೇ ಇಸವಿಯಲ್ಲಿ. ಎಣಿಸಲು ಏನೂ ಇಲ್ಲದ ಮನುಷ್ಯ ಗಾಂಧಿಬಜಾರಿನ ಮಹಡಿಯೊಂದರ ಮೇಲಿದ್ದ ಕಂಪ್ಯೂಟರ್ ಕ್ಲಾಸಿಗೆ ಸೇರಿದ. ಅಲ್ಲಿ ಕಲಿಸುವ ತೇಜಶ್ರೀ ಎಂಬ ಹುಡುಗಿ, "ಅಂಕಲ್, ನೀವು ಎಕ್ಸೆಲ್‌ಗೋಸ್ಕರಾನೇ ಹುಟ್ಟಿದೀರ" ಎಂದುಬಿಟ್ಟಳು. ಹೊಗಳಿಕೆ ಕೇಳಿ ಅಭ್ಯಾಸವಿಲ್ಲದವನಿಗೆ ಅಷ್ಟು ಸಾಕಾಯಿತು. ಮುಂದಿನ ವಾರವೇ ಎಸ್.ಪಿ. ರೋಡಿನಿಂದ ಆಟೋದಲ್ಲಿ ಒಂದು ಕಂಪ್ಯೂಟರು, ಒಂದು ಪ್ರಿಂಟರು ಬಂದವು. ಹೆಂಡತಿ ಆಂಡಾಳ್ ಅದಕ್ಕೆ ಆರತಿ ಎತ್ತಿ, ಕುಂಕುಮ ಇಟ್ಟು, ಸಂಜೆಯೊಳಗೆ ಕ್ರೋಶಾ ಹೆಣೆದು ಒಂದು ಮುಸುಕನ್ನೂ ಹೊದಿಸಿದಳು. ಎದುರುಮನೆಯ ತ್ರಿಪುರಸುಂದರಿ ಮೇಡಂ ಬಂದು ನೋಡಿ, "ಮದುಮಗಳು ಚೆನ್ನಾಗಿದಾಳೆ. ಕೆಲಸ ಏನ್ ಬರತ್ತೆ?" ಎಂದರು.

ಆ ಪ್ರಶ್ನೆಗೆ ಉತ್ತರ ಪಕ್ಕದಲ್ಲೇ ಇತ್ತು. ನಡುಮನೆಯ ಗೋಡೆಯಗಲಕ್ಕೂ ಆಂಡಾಳಿನ ಡಬ್ಬಗಳು. ಮಣಿ, ಚಮಕಿ, ಜರಿ, ಅಂಚಿಗೆ ಹಚ್ಚುವ ಗೋಟು, ಉಲ್ಲನ್ನು, ಬಣ್ಣದ ಕಾಗದ. ಬಿಸ್ಕತ್ತಿನ ತಗಡಿನಲ್ಲಿ, ಹಾರ್ಲಿಕ್ಸ್ ಬಾಟಲಿಯಲ್ಲಿ, ಇಂಥದ್ದರಲ್ಲಿ ಇಂಥದ್ದೇ ಎಂಬ ಹಂಗಿಲ್ಲದೆ. ಆ ಬೀದಿಯಲ್ಲಿ ಯಾವ ಮದುವೆಯಾದರೂ ಆರತಿ ತಟ್ಟೆ, ಬಣ್ಣದ ಕೊಬ್ಬರಿ ಗಿಟುಕು ಆಂಡಾಳಿನ ಕೈಯಿಂದಲೇ ಹೋಗಬೇಕು. ನವರಾತ್ರಿಗೆ ಪಟ್ಟದ ಗೊಂಬೆಗಳಿಗೆ ಸೀರೆ ಉಡಿಸಲು, ಸರ ಪೋಣಿಸಲು ಅರ್ಧ ಬೀದಿ ಅವಳ ಮುಂದೆ ಕೂರುತ್ತಿತ್ತು. ಮಕ್ಕಳಿಲ್ಲದ ಮನೆ ಅದು. ಆದರೆ ಮಧ್ಯಾಹ್ನದ ನಿದ್ದೆ ಮುಗಿಯುವ ಹೊತ್ತಿಗೆ ಗೇಟು ಕಿರ್ ಎನ್ನುವುದು, "ಆಂಡಾಳೂ, ಒಂದು ಚೂರು ಗೋಟು ಇದ್ಯೇನೇ?" ಎಂಬ ದನಿ ಬರುವುದು. ಬೆರಳುದ್ದ ಗೋಟಿಗೆ ಬಂದವರು ಸೊಸೆಯ ವಿಷಯ, ಸೊಂಟನೋವಿನ ವಿಷಯ ಎಲ್ಲ ಹೇಳಿ ಮುಗಿಸಿ ದೀಪ ಹಚ್ಚುವ ಹೊತ್ತಿಗೆ ಏಳುವರು. ಆಂಡಾಳ್ ಎರಡನೇ ಡಿಕಾಕ್ಷನ್ ಹಾಕುವಳು. ಅವಳ ದಿನ ಆಗ ತುಂಬುತ್ತಿತ್ತು.

ಹೀಗಿರುವಾಗ ಒಂದು ದಿನ ಅವಳು ಮಾಮೂಲ್‌ಪೇಟೆಯಿಂದ ಹಸಿರು ಮಣಿಯ ಪೊಟ್ಟಣ ತಂದಳು.

"ಹಸಿರು ಮಣಿ ಇತ್ತಲ್ಲ?" ಎಂದ ಶೀನಣ್ಣ.

"ಇದೆ. ಮೇಡಂ ಮನೇಲಿದೆ. ಇದು ಇನ್ನೊಂದು ಥರದ್ದು."

"ಮೇಡಂ ಮನೇಲಿದ್ರೆ ನಮ್ಮನೇಲಿ ಇಲ್ಲ ಅಂತ."

"ಅಲ್ಲಿದೆ ಅಂದ್ರೆ ಇದೆ ಅಂತಾನೇ ಅಲ್ವೇನ್ರೀ?"

ಶೀನಣ್ಣ ಕುರ್ಚಿಯ ಕೈ ಹಿಡಿದುಕೊಂಡ. ಕಾರ್ಖಾನೆಯಲ್ಲಿ ಯಾರಾದರೂ ಈ ಮಾತು ಆಡಿದ್ದರೆ ಮೆಮೋ ಕೊಡುತ್ತಿದ್ದರು. ಇಷ್ಟು ವರ್ಷ ತಾನು ಊರಿನ ಸ್ಪ್ಯಾನರು ಎಣಿಸುತ್ತ, ಸ್ವಂತ ಮನೆಯನ್ನು ಹೀಗೆ ಅರಾಜಕತೆಗೆ ಬಿಟ್ಟಿದ್ದೆನಲ್ಲ ಎಂದು ಅವನ ಕಣ್ಣು ಮಂಜಾಯಿತು. ಪಾಪ, ಇವಳಿಗೆ ಒಂದು ಶಿಸ್ತು ಮಾಡಿಕೊಟ್ಟರೆ ಎಷ್ಟು ಹಗುರಾಗಬಹುದು ಎಂದೂ ಅನಿಸಿತು. ಮಾರನೆಯ ದಿನ ಸ್ನಾನ, ಸಂಧ್ಯಾವಂದನೆ ಮುಗಿಸಿ, ನಾಮ ಹಾಕಿಕೊಂಡು, ಕಂಪ್ಯೂಟರಿನ ಮುಸುಕು ತೆಗೆದ.

"ಒಂದೊಂದಾಗಿ ಹೇಳ್ತಾ ಹೋಗು. ಪಿಸ್ತಾ ಸಿಪ್ಪೆ. ಉಪಯೋಗ?"

"ಕಮಲದ ಹೂವು."

"ಸುಟ್ಟುಹೋದ ಬಲ್ಬು?"

"ಅಂಗಡಿ ಶೆಟ್ಟರ ಗೊಂಬೆ ಮಾಡ್ತೀನಲ್ಲ, ಅವರ ಹೊಟ್ಟೆ."

"ಹಲ್ಲು ಮುರಿದ ಬಾಚಣಿಗೆ?"

"ತೋಟದ ಬೇಲಿ."

"ಕನ್ನಡಕದ ಒಂದು ಗಾಜು?"

"ಕೊಳ. ಕೆಳಗೆ ನೀಲಿ ಕಾಗದ ಇಟ್ರೆ ಬಾತುಕೋಳಿ ತೇಲತ್ತೆ."

"ಆಂಡಾಳೂ, ಇದು ನನ್ನ ಕನ್ನಡಕ ಕಣೇ! ಮನೆಯೆಲ್ಲ ಹುಡುಕಿದೀನಿ!"

"ಕನ್ನಡಕ ಇಲ್ದೆ ಹುಡುಕಿದ್ರೆ ಹೇಗೆ ಸಿಗತ್ತೆ?" ಎಂದಳು ಆಂಡಾಳ್, ಗೋಟು ಸುತ್ತುತ್ತ.

ಡಬ್ಬಕ್ಕೊಂದು ನಂಬರು ಬಂತು, ನಂಬರಿಗೊಂದು ಚೀಟಿ ಅಂಟಿತು. ತೊಂದರೆ ಬಂದದ್ದು 'ಹೊರಗಿರುವುದು' ಎಂಬ ಕಾಲಮ್ಮಿನಲ್ಲಿ. ಆಂಡಾಳ್ ಹೇಳುತ್ತ ಹೋದಳು, ಅದು ತುಂಬುತ್ತ ಹೋಯಿತು. ದೊಡ್ಡ ಕತ್ತರಿ ಮೇಡಂ ಮನೆಯಲ್ಲಿ. ಜರಿ ದಾರ ಮಲ್ಲಿಕಾರ್ಜುನಯ್ಯನವರ ಮನೆಯಲ್ಲಿ. ಕುಂದಣದ ಕಲ್ಲಿನ ಡಬ್ಬ ಮೂಲೆಮನೆಯಲ್ಲಿ, ಇಲ್ಲದಿದ್ದರೆ ಅವರ ನಾದಿನಿಯ ಮನೆಯಲ್ಲಿ. ಕೊನೆಗೆ ನೋಡಿದರೆ ಮನೆಯಲ್ಲಿದ್ದದ್ದಕ್ಕಿಂತ ಬೀದಿಯಲ್ಲಿದ್ದದ್ದೇ ಜಾಸ್ತಿ. ಶೀನಣ್ಣನೊಳಗಿನ ಸ್ಟೋರ್ಸ್ ಸೂಪರಿಂಟೆಂಡೆಂಟ್ ಮೈ ಕೊಡವಿ ಎದ್ದ. ಎಲ್ಲ ವಾಪಸು ಬರಬೇಕು, ಬಂದ ಮೇಲೇ ಎಣಿಕೆ. ಕಾರ್ಖಾನೆಯ ಹಳೆಯ ನಮೂನೆಯನ್ನು ನೆನೆಸಿಕೊಂಡು ಹೀಗೆ ಟೈಪು ಮಾಡಿದ:

'ಮಾನ್ಯರೇ, ನಮ್ಮ ಮನೆಯ ಈ ಕೆಳಕಂಡ ಸಾಮಗ್ರಿ ತಮ್ಮ ವಶದಲ್ಲಿದ್ದು, ನವರಾತ್ರಿಗೆ ಮೊದಲು ದಯಮಾಡಿ ಹಿಂತಿರುಗಿಸುವುದು. ತದನಂತರ ಲೆಕ್ಕವನ್ನು ಮುಕ್ತಾಯಗೊಳಿಸಲಾಗುವುದು. ಇಷ್ಟು ವರ್ಷಗಳ ತಮ್ಮ ಸಹಕಾರಕ್ಕೆ ಅನಂತ ವಂದನೆಗಳು.'

ಕೊನೆಯ ಸಾಲು ನಮೂನೆಯಲ್ಲಿ ಇರಲಿಲ್ಲ. ಬರೀ ಹಿಂತಿರುಗಿಸಿ ಎಂದರೆ ಒರಟಾಗುತ್ತದೆ ಎಂದು ಶೀನಣ್ಣ ತಾನಾಗಿ ಸೇರಿಸಿದ ಸೌಜನ್ಯ ಅದು. ಅನರ್ಥಕ್ಕೆಲ್ಲ ಆ ಸೌಜನ್ಯವೇ ಮೂಲವಾಯಿತು. ಬೆಳಗಿನ ವಾಕಿಂಗಿಗೆ ಹೋಗುವಾಗ ಮನೆಮನೆಯ ಗೇಟಿನ ಹಾಲಿನ ಚೀಲದಲ್ಲಿ ಒಂದೊಂದು ಚೀಟಿ ಇಟ್ಟು, ಹಗುರಾಗಿ ಮನೆಗೆ ಬಂದ.

ತ್ರಿಪುರಸುಂದರಿ ಮೇಡಂ ನಿವೃತ್ತ ಹೈಸ್ಕೂಲು ಮೇಡಂ. ಚೀಟಿಯನ್ನು ಉತ್ತರಪತ್ರಿಕೆಯಂತೆ ಮೂರು ಸಲ ಓದಿ, ಕಾರ್ಪೊರೇಷನ್ ಕಚೇರಿಯಲ್ಲಿ ಕೆಲಸ ಮಾಡುವ ಮಲ್ಲಿಕಾರ್ಜುನಯ್ಯನವರನ್ನು ಕಾಂಪೌಂಡಿನ ಹತ್ತಿರ ಕರೆದರು.

"ಏನ್ರೀ ಇದು? ಅನಂತ ವಂದನೆಗಳು ಅಂತ ಮನುಷ್ಯ ಯಾವಾಗ ಬರೀತಾನೆ?"

"ಹೊರಡೋವಾಗ" ಎಂದರು ಮಲ್ಲಿಕಾರ್ಜುನಯ್ಯ, ತಮ್ಮ ಚೀಟಿ ಜೇಬಿನಿಂದ ತೆಗೆಯುತ್ತ.

"ಡಬ್ಬಕ್ಕೆಲ್ಲ ನಂಬರ್ ಅಂಟಿಸಿದಾರೆ, ನಾನೇ ಕಣ್ಣಾರೆ ನೋಡಿದೆ. ಲಾರಿಗೆ ಹಾಕೋರಲ್ದೆ ಇನ್ಯಾರು ಹಾಗೆ ನಂಬರ್ ಹಾಕ್ತಾರೆ?"

ಅವು ಬೀದಿಯ ಹಂಚಿನ ಮನೆಗಳು ಒಂದೊಂದೇ ಬಿಲ್ಡರುಗಳ ಪಾಲಾಗಿ, ತುಳಸಿಕಟ್ಟೆ ಇದ್ದ ಜಾಗದಲ್ಲಿ ಲಿಫ್ಟು ಏಳುತ್ತಿದ್ದ ದಿನಗಳು. ಇಬ್ಬರೂ ಶೀನಣ್ಣನ ಮನೆಯ ಕಡೆ ನೋಡಿದರು.

"ಕೇಳಿಬಿಡ್ಲಾ ಮೇಡಂ?"

"ಛೆ ಛೆ. ಅವರಾಗಿ ಹೇಳೋಕ್ಮುಂಚೆ ನಾವು ಕೇಳಿದ್ರೆ ಚೆನ್ನಾಗಿರಲ್ಲ."

ಬಸವನಗುಡಿಯ ದಾಕ್ಷಿಣ್ಯ ಅಂಥದ್ದು. ಅಲ್ಲಿ ಎಲ್ಲರಿಗೂ ಎಲ್ಲವೂ ಗೊತ್ತಿರುತ್ತದೆ, ಯಾರೂ ಏನೂ ಕೇಳುವುದಿಲ್ಲ. ಕೇಳಿದ್ದರೆ ಈ ಕಥೆ ಅಲ್ಲೇ ಮುಗಿಯುತ್ತಿತ್ತು. ಕೇಳದೆ ಇದ್ದುದರಿಂದ ಸಂಜೆಯೊಳಗೆ ಶೀನಣ್ಣನ ಮನೆ ಮಾರಾಟವಾಗಿತ್ತು, ಅಡ್ವಾನ್ಸು ಕೈಸೇರಿತ್ತು, ದಂಪತಿಗಳು ಮೈಸೂರಿನಲ್ಲೋ ಶ್ರೀರಂಗಪಟ್ಟಣದಲ್ಲೋ ನೆಲೆಸುವುದೂ ನಿಶ್ಚಯವಾಗಿತ್ತು.

ಸಾಮಾನು ಬರತೊಡಗಿತು. ಹೇಗೆ ಬಂತೆಂದರೆ, ಶ್ರಾವಣದಲ್ಲಿ ದೇವಸ್ಥಾನಕ್ಕೆ ಹೂವು ಬಂದಂತೆ. ಒಬ್ಬರ ಮನೆಯ ಡಬ್ಬವನ್ನು ಬರಿದಾಗಿ ಹಿಂದಿರುಗಿಸುವ ಪದ್ಧತಿ ಆ ಬೀದಿಯಲ್ಲಿ ಯಾರ ಮನೆಯಲ್ಲೂ ಇಲ್ಲ. ಮಣಿ ಮುಗಿದ ಡಬ್ಬದಲ್ಲಿ ಚಕ್ಕುಲಿ ಬಂತು. ಜರಿಯ ತಗಡಿನಲ್ಲಿ ಜರಿಯ ಮೇಲೆ ಬಾಳೆಲೆ ಹಾಸಿ ಕೋಡುಬಳೆ ಬಂತು. ಕುಂದಣದ ಜೊತೆ ರವೆಉಂಡೆ ಬಂದು, ಎರಡೂ ಕಲೆತು, ಆಂಡಾಳ್ ಒಂದೊಂದು ಉಂಡೆಯನ್ನೂ ಒಡೆದು ಕಲ್ಲು ಆರಿಸಬೇಕಾಯಿತು. ಈ ತಿಂಡಿಯನ್ನು ಯಾವ ಕಾಲಮ್ಮಿಗೆ ಹಾಕುವುದೆಂದು ಶೀನಣ್ಣ ಒಂದು ಬೆಳಿಗ್ಗೆಯೆಲ್ಲ ಯೋಚಿಸಿ, ಕೊನೆಗೆ 'ಅನಿರೀಕ್ಷಿತ ಆವಕ' ಎಂದು ಬರೆದು ಒಂದು ಕೋಡುಬಳೆ ತಿಂದ.

ಯಾರೂ ಕೂರುತ್ತಿರಲಿಲ್ಲ. ಡಬ್ಬ ಕೊಟ್ಟು, ಆಂಡಾಳಿನ ಕೈ ಒತ್ತಿ, "ಬರ್ತೀವಮ್ಮಾ" ಎಂದು ಹೊರಟುಬಿಡುವರು. ಅವರಿಗೆ ಪ್ಯಾಕಿಂಗ್ ಕೆಲಸವಿರುತ್ತದೆ, ತೊಂದರೆ ಕೊಡಬಾರದು ಎಂದು.

ಮಲ್ಲಿಕಾರ್ಜುನಯ್ಯ ಜರಿ ದಾರ ಹಿಡಿದು ಬಂದವರು ಜಗಲಿಯ ಮೇಲೆ ನಿಂತೇ ಕೇಳಿದರು. "ಎಲ್ಲ ಇತ್ಯರ್ಥ ಆಯ್ತಾ ಶೀನಣ್ಣ?"

"ಆಗ್ತಾ ಬಂತು. ಇನ್ನು ಒಂದೆರಡು ಕಡೆಯಿಂದ ಬರೋದಿದೆ ಅಷ್ಟೆ."

"ಆಂಡಾಳಮ್ಮ ಒಪ್ಪಿದ್ರಾ?"

"ಮೊದಲು ಮುಖ ಊದಿಸ್ಕೊಂಡ್ಳು. ಹೆಂಗಸರಿಗೆ ಹಳೇದ್ರ ಮೇಲೆ ವ್ಯಾಮೋಹ ನೋಡಿ. ಆಮೇಲೆ ದಾರಿಗೆ ಬಂದ್ಳು."

"ನಿಮಗೆ… ಏನೂ ಅನ್ಸಲ್ವಾ?"

"ಅನ್ಸೋದೇನು ಬಂತು ಸ್ವಾಮಿ! ಇದನ್ನ ನಾನು ಎಷ್ಟೋ ವರ್ಷದ ಹಿಂದೇನೇ ಮಾಡ್ಬೇಕಿತ್ತು. ಈಗ ನೋಡಿ, ರಾತ್ರಿ ಎಂಥಾ ನಿದ್ದೆ ಬರತ್ತೆ!"

ಮಲ್ಲಿಕಾರ್ಜುನಯ್ಯ ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿಕೊಂಡರು. "ಖಾತಾ ವಿಷಯ ಏನಿದ್ರೂ ನನ್ನ ಟೇಬಲ್ಲಿಗೇ ತನ್ನಿ. ಬೇರೆಯವರ ಹತ್ರ ಅಲೀಬೇಡಿ" ಎಂದು ಹೇಳಿ ಇಳಿದುಹೋದರು. ಜರಿ ದಾರಕ್ಕೂ ಖಾತೆಗೂ ಏನು ಸಂಬಂಧವೆಂದು ಶೀನಣ್ಣನಿಗೆ ಹೊಳೆಯಲಿಲ್ಲ. ಸರ್ಕಾರಿ ಕೆಲಸದವರು, ತಲೆಯಲ್ಲಿ ಸದಾ ಅದೇ ಇರುತ್ತದೆ ಎಂದುಕೊಂಡ.

ಮಲ್ಲೇಶ್ವರದಿಂದ ಅಕ್ಕನ ಫೋನು ಬಂತು. ಶೀನಣ್ಣನಿಗಿಂತ ಹಿರಿಯಳು, ಹಲೋ ಎನ್ನುವ ಮೊದಲೇ ಅಳುವವಳು.

"ಶೀನಾ, ನನಗೇನೂ ಬೇಡ ಕಣೋ. ಅಮ್ಮ ರುಬ್ಬುತಿದ್ದ ಒರಳುಕಲ್ಲು ಒಂದು ಕೊಟ್ಬಿಡು. ಅದನ್ನ ಮಾತ್ರ ಯಾರಿಗೂ ಬಿಟ್ಟುಹೋಗ್ಬೇಡ."

"ಒರಳುಕಲ್ಲು ಇದರಲ್ಲಿ ಬರಲ್ಲಕ್ಕ. ಇದು ಬರೀ ಮಣಿ, ಚಮಕಿ."

"ಮಾತು ಮರೆಸ್ಬೇಡ!" ಎಂದು ಅಕ್ಕ ಫೋನು ಕುಕ್ಕಿದಳು.

ಕೊನೆಗೊಂದು ಮಧ್ಯಾಹ್ನ ಹಸಿರು ಮಣಿಯೂ ಬಂತು, ಅದರ ಮೇಲೆ ನಾಲ್ಕು ತೇಂಗೊಳಲು. ಆ ಡಬ್ಬಕ್ಕೂ ನಂಬರಿನ ಚೀಟಿ ಅಂಟಿತು. 'ಹೊರಗಿರುವುದು' ಎಂಬ ಕಾಲಮ್ಮು ಮೇಲಿನಿಂದ ಕೆಳಗಿನವರೆಗೆ ಸೊನ್ನೆಯಾಯಿತು. ಕಾರ್ಖಾನೆಯಲ್ಲಿ ಒಂದು ಸಲವೂ ಕಾಣದ ದೃಶ್ಯ. ಶೀನಣ್ಣ ಕೈಮುಗಿಯುವುದೊಂದು ಬಾಕಿ.

"ಆಂಡಾಳೂ, ಬಾ ಇಲ್ಲಿ! ನೋಡು, ಎಲ್ಲಾ ಇದೆ!"

ಆಂಡಾಳ್ ಬಂದು ನೋಡಿದಳು. "ಚೆನ್ನಾಗಿದೆ" ಎಂದಳು. ಮತ್ತೆ ಹೋಗಿ ಡಬ್ಬಗಳ ಮುಂದೆ ಕೂತಳು.

ಮಧ್ಯಾಹ್ನದ ನಿದ್ದೆ ಮುಗಿಯುವ ಹೊತ್ತಾಯಿತು. ಗೇಟು ಕಿರ್ ಎನ್ನಲಿಲ್ಲ. ಆಂಡಾಳ್ ಅಭ್ಯಾಸಬಲದಿಂದ ಎರಡನೇ ಡಿಕಾಕ್ಷನ್ ಹಾಕಿದಳು. ಅದು ತೊಟ್ಟಿಕ್ಕುವ ಸದ್ದು ನಡುಮನೆಯವರೆಗೂ ಕೇಳಿಸಿತು. ಆ ಮನೆಯಲ್ಲಿ ಅಂಥದ್ದೊಂದು ಸದ್ದು ಇದೆ ಎನ್ನುವುದೇ ಶೀನಣ್ಣನಿಗೆ ಗೊತ್ತಿರಲಿಲ್ಲ. ಮಾರನೆಯ ದಿನವೂ ಹಾಗೇ. ಅದರ ಮಾರನೆಯ ದಿನ ಅವನು ನೋಡಿದರೆ ಆಂಡಾಳ್ ಪಟ್ಟದ ಗೊಂಬೆಗಳನ್ನು ಹಳೆಯ ಪಂಚೆಯಲ್ಲಿ ಸುತ್ತಿ ಕಟ್ಟುತ್ತಿದ್ದಳು. ನವರಾತ್ರಿಗೆ ಗಂಟು ಬಿಚ್ಚುವವರುಂಟು, ಕಟ್ಟುವವರುಂಟೇ? ಕೇಳೋಣವೆಂದುಕೊಂಡ. ಅವಳ ಮುಖ ನೋಡಿ, ಡಬ್ಬ ಕೆದಕಿದ್ದಕ್ಕೆ ಇನ್ನೂ ಕೋಪವಿರಬೇಕು ಎಂದು ಸುಮ್ಮನಾದ. ಅವನೂ ಬಸವನಗುಡಿಯವನೇ.

ಈ ಮೌನವನ್ನು ಒಡೆದವನು ಮಾಯಣ್ಣ. ಸುತ್ತಮುತ್ತಲಿನ ಮನೆ, ಸೈಟುಗಳ ವ್ಯವಹಾರವೆಲ್ಲ ನೋಡಿಕೊಳ್ಳುವವನು. ಅವರಪ್ಪ ಈ ಕಡೆಗೆಲ್ಲ ಸೊಪ್ಪು ಬೆಳೆದು ತರುತ್ತಿದ್ದರಂತೆ. ದಾಕ್ಷಿಣ್ಯ ಅವನ ವೃತ್ತಿಗೆ ಆಗಿಬರುವುದಿಲ್ಲ. ಬುಲೆಟ್ ನಿಲ್ಲಿಸಿ, ಚಪ್ಪಲಿ ಬಿಟ್ಟು, ನೇರ ನಡುಮನೆಗೆ ಬಂದ.

"ಶೀನಣ್ಣೋರೇ, ಇದು ನ್ಯಾಯಾನಾ? ಆಂಡಾಳಮ್ಮೋರು ಮಾಡಿದ ತಟ್ಟೇಲೇ ಆರತಿ ಎತ್ತಿಸ್ಕೊಂಡು ನನ್ನ ಮಗಳು ಹಸೆಗೆ ಕೂತಿದ್ದು. ಅಂಥಾ ನನ್ನ ಬಿಟ್ಟು ಬೇರೆಯೋರ ಕೈಲಿ ಮಾಡ್ಸಿದೀರಲ್ಲ!"

"ಏನನ್ನ ಮಾಡ್ಸಿದೆ? ಎಕ್ಸೆಲ್ ನಾನೇ ಮಾಡಿದ್ದು."

"ಯಾರಿಗೆ ಕೊಟ್ರಿ ಅದು ಹೇಳಿ ಸಾಕು."

"ಕೊಟ್ಟಿಲ್ಲಪ್ಪ, ಎಲ್ಲ ವಾಪಸ್ ತಗೊಂಡಿದೀನಿ!"

"ಮನೇನ ಸ್ವಾಮೀ, ಮನೇನ!"

"ಯಾವ ಮನೇನ?"

"ಇದನ್ನ! ನಾವು ಕೂತಿರೋದನ್ನ!" ಮಾಯಣ್ಣ ಎರಡೂ ಕೈಯಿಂದ ತೊಲೆ, ಜಂತೆ, ಗೋಡೆಗಳನ್ನು ತೋರಿಸಿದ.

ಶೀನಣ್ಣ ಬಾಯಿ ತೆರೆದ. ಮಾತು ಬಂದದ್ದು ಅಡುಗೆಮನೆಯ ಬಾಗಿಲಿನಿಂದ. ಆಂಡಾಳ್ ಕಾಫಿಯ ಲೋಟ ಹಿಡಿದು ನಿಂತಿದ್ದಳು.

"ಎಲ್ಲಿಗೆ ಹೋಗೋದು ಅಂತ ಮಾತ್ರ ಹೇಳಿದ್ರೆ ಸಾಕು" ಎಂದಳು. "ಪಟ್ಟದ ಗೊಂಬೆ ಲಾರೀಲಿ ಬೇಡ. ಬಸ್ಸಲ್ಲಿ ನಾನು ಮಡಿಲಲ್ಲಿ ಇಟ್ಕೊಂಡು ಬರ್ತೀನಿ."

"ಆಂಡಾಳೂ! ನೀನೂ ನಂಬಿದ್ಯೇನೇ?"

"ಬೀದೀಲಿ ಎಲ್ಲರೂ ಕೈ ಒತ್ತಿ ಒತ್ತಿ ಹೋಗ್ತಿದ್ರು. ಅಕ್ಕನೂ ಮನೆ ಹೋಯ್ತಲ್ಲೇ ಅಂತ ಫೋನಲ್ಲಿ ಅತ್ರು. ನನಗೂ ಹೇಳದೆ ಮಾಡಿದಾರೆ ಅಂದ್ರೆ ಏನೋ ದೊಡ್ಡ ಕಷ್ಟಾನೇ ಇರ್ಬೇಕು ಅಂದ್ಕೊಂಡೆ. ಕೇಳಿ ನಿಮ್ಮನ್ನ ಯಾಕೆ ನೋಯಿಸ್ಲಿ ಅಂತ…" ಲೋಟವನ್ನು ಮಾಯಣ್ಣನ ಮುಂದೆ ಇಟ್ಟಳು. "ದಿನಾ ಹುಳಿಯನ್ನ ಮಾಡಿ ಹಾಕಿದೆ. ನಿಮಗೆ ಇಷ್ಟ ಅಂತ."

ಹೌದಲ್ಲ, ವಾರದಿಂದ ಹುಳಿಯನ್ನವೇ. ಸ್ಟಾಕು ತಾಳೆಯಾದ ಸಂತೋಷಕ್ಕೆ ಮಾಡುತ್ತಿದ್ದಾಳೆಂದು ಎರಡೆರಡು ಸಲ ಹಾಕಿಸಿಕೊಂಡು ತಿಂದಿದ್ದ.

"ಮಾರಿಲ್ಲ ಕಣೇ. ಮಾರೋದೂ ಇಲ್ಲ. ನಾನು ಬರೀ ಎಣಿಸಿದ್ದು."

ಮಾಯಣ್ಣ ಟವೆಲಿನಿಂದ ಕಣ್ಣೊರೆಸಿಕೊಂಡ. "ಹಂಗಾದ್ರೆ ಮಾರಿಲ್ಲ."

"ಇಲ್ಲ."

"ಮುಂದೆ ಯಾವಾಗ್ಲಾದ್ರೂ ಮಾರೋದಾದ್ರೆ…"

"ಕಾಫಿ ಆರ್ತಿದೆ ಮಾಯಣ್ಣ" ಎಂದಳು ಆಂಡಾಳ್.

ಮನೆ ಮಾರಿಲ್ಲವೆಂದು ಬೀದಿಗೆ ಹೇಳುವುದು, ಮಾರಿದ್ದೇನೆಂದು ಹೇಳುವುದಕ್ಕಿಂತ ಕಷ್ಟವಾಯಿತು. ಶೀನಣ್ಣ ಮೊದಲು ಎದುರುಮನೆಗೆ ಹೋದ. ಮೇಡಂ ಬಾಗಿಲಲ್ಲೇ ತಡೆದರು.

"ಪಕ್ಕದ ಬೀದಿಯವರೂ ಹೀಗೇ ಅಂದಿದ್ರು ಶೀನಣ್ಣ. ಇಲ್ಲ ಇಲ್ಲ ಅಂತಿದ್ಹಾಗೇ ಜೆಸಿಬಿ ಬಂತು. ಮಾರಿಲ್ಲ ಅಂತ ಹೇಗೆ ನಂಬೋದು?"

ಶೀನಣ್ಣ ಅಂಗಿಯೊಳಗಿಂದ ಹಸಿರು ಮಣಿಯ ಡಬ್ಬ ತೆಗೆದು ಮುಂದೆ ಹಿಡಿದ. "ಇದನ್ನ ಇಟ್ಕೊಳ್ಳಿ."

"ಯಾವತ್ತು ವಾಪಸ್ ಕೊಡ್ಬೇಕು?" ಮೇಡಂ ದನಿಯಲ್ಲಿ ಹಾಲಿನ ಚೀಲದ ಚೀಟಿ ಇನ್ನೂ ಚುಚ್ಚುತ್ತಿತ್ತು.

"ವಾಪಸ್ ಬೇಡ."

"ದಾನಾನಾ? ನನಗೇನು ಮಣಿಗೂ ಗತಿ ಇಲ್ವಾ?"

"ದಾನ ಅಲ್ಲ ಮೇಡಂ…" ಸ್ಟೋರ್ಸಿನ ಯಾವ ನಮೂನೆಯಲ್ಲೂ ಇಲ್ಲದ ಪದಕ್ಕಾಗಿ ಶೀನಣ್ಣ ತಡಕಾಡಿದ. "ಇಲ್ಲಿರ್ಲಿ. ಇಲ್ಲಿದ್ರೆ… ಇದೆ ಅಂತಾನೇ."

ಮೇಡಂ ಅವನನ್ನು ನೋಡಿದರು. ಡಬ್ಬವನ್ನು ನೋಡಿದರು. ಅದರ ಮೇಲೆ ಅಂಟಿದ್ದ ನಂಬರಿನ ಚೀಟಿಯನ್ನು ಉಗುರಿನಿಂದ ನಿಧಾನವಾಗಿ ಕೆರೆದು ಕಿತ್ತು, ಉಂಡೆ ಮಾಡಿ, ಅವನ ಕೈಗೇ ಕೊಟ್ಟರು.

"ಮಣಿ ತಂದ್ರಿ. ಕತ್ತರಿ ಎಲ್ಲಿ? ಊರು ಬಿಡೋನು ಯಾವನೂ ಕತ್ತರಿ ಕೊಡಲ್ಲ. ಅದು ಬಂದ್ರೆ ನಂಬ್ತೀನಿ."

ಕತ್ತರಿಯೂ ಹೋಯಿತು. ಅದನ್ನು ಬೀದಿ ನೋಡಿತು. ಆಮೇಲೆ ಸಂಜೆಯವರೆಗೆ ಶೀನಣ್ಣ ಗೇಟಿನಿಂದ ಗೇಟಿಗೆ ಅಲೆದ. ಜರಿ ಮಲ್ಲಿಕಾರ್ಜುನಯ್ಯನವರ ಮನೆಗೆ, ಕುಂದಣ ಮೂಲೆಮನೆಗೆ. ಬರಿಗೈಯಲ್ಲಿ ಹೋಗಬಾರದೆಂದು ಆಂಡಾಳ್ ಡಬ್ಬಗಳ ಮೇಲೆ ತಿಂಡಿ ಇಟ್ಟು ಕಳಿಸಿದಳು. ಹಾಗಾಗಿ ಮೇಡಂ ಕರಿದ ತೇಂಗೊಳಲು ಮಲ್ಲಿಕಾರ್ಜುನಯ್ಯನವರಿಗೂ, ಅವರ ಮನೆಯ ಕೋಡುಬಳೆ ಮೇಡಂಗೂ ಸೇರಿತು. "ಎಣ್ಣೆ ಸ್ವಲ್ಪ ಜಾಸ್ತಿ" ಎಂದು ಎರಡೂ ಮನೆಯವರು ಅಂದರು. ಮಲ್ಲಿಕಾರ್ಜುನಯ್ಯ ಮಾತ್ರ ಜರಿಯ ಡಬ್ಬವನ್ನು ಎದೆಗೊತ್ತಿಕೊಂಡು, "ಒಳ್ಳೇ ನಿದ್ದೆ ಬರತ್ತೆ ಅಂದಿದ್ರಲ್ಲ ಶೀನಣ್ಣ, ನನಗೆ ನಾಲ್ಕು ದಿನದಿಂದ ಬಂದಿಲ್ಲ" ಎಂದರು. ಅಕ್ಕನಿಗೆ ಫೋನು ಮಾಡಿದ್ದಕ್ಕೆ, "ಆದ್ರೂ ಒರಳುಕಲ್ಲು ಕೊಡೋ" ಎಂದಳು.

ಮಾರನೆಯ ಮಧ್ಯಾಹ್ನ ಆಂಡಾಳ್ ಪಂಚೆಯ ಗಂಟು ಬಿಚ್ಚಿ ಪಟ್ಟದ ಗೊಂಬೆಗಳನ್ನು ಈಚೆಗೆ ತೆಗೆದಳು. ರಾಣಿಗೆ ಕೆಂಪು ಸೀರೆ ಉಡಿಸಿ, ದೂರ ಹಿಡಿದು ನೋಡಿದಳು.

"ಕೊರಳು ಬೋಳಾಯ್ತು. ರೀ, ಆ ಹಳೇ ಹಸಿರು ಮಣಿ ಇದ್ಯಾ?"

ಶೀನಣ್ಣ ಕಂಪ್ಯೂಟರಿನ ಮುಂದೆ ಕೂತಿದ್ದ. 'ಹೊರಗಿರುವುದು' ಎಂಬ ಕಾಲಮ್ಮು ಮತ್ತೆ ಮೇಲಿನಿಂದ ಕೆಳಗಿನವರೆಗೆ ತುಂಬಿತ್ತು. ಅದರ ಕಡೆ ನೋಡದೆಯೇ ಹೇಳಿದ.

"ಇದೆ."

"ಎಲ್ಲಿ?"

"ಎದುರುಮನೇಲಿ."

ಆಂಡಾಳ್ ಸೆರಗಿನ ಮರೆಯಲ್ಲಿ ನಕ್ಕಳು. ಅಷ್ಟರಲ್ಲಿ ಗೇಟು ಕಿರ್ ಎಂದಿತು. "ಆಂಡಾಳೂ, ಒಂದು ಚೂರು ಗೋಟು ಇದ್ಯೇನೇ?" ಎಂದು ಮೇಡಂ ದನಿ ಬಂತು; ಅದರ ಹಿಂದೆ ಇನ್ನೊಂದು ದನಿ, ಅದಕ್ಕೂ ಹಿಂದೆ ಯಾರದೋ ಸೊಂಟನೋವು.

ಶೀನಣ್ಣ ಎದ್ದು ಕಂಪ್ಯೂಟರಿಗೆ ಕ್ರೋಶಾದ ಮುಸುಕು ಹೊದಿಸಿದ. ಕಾಫಿಗೆ ನೀರಿಡಲು ಒಳಗೆ ಹೋದ. ಬಂದವರು ಎಷ್ಟು ಜನ ಎಂದು ಎಣಿಸದೆ, ದೊಡ್ಡ ಪಾತ್ರೆಯನ್ನೇ ಇಟ್ಟ.